ಬಯಲು ಉಳಿಸಿದ ಕೇಸು

ಈ ಕೇಸು ನಾನು ಗೆದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ವಕೀಲರ ಕತೆಯಲ್ಲಿ ಜನ ಕೊನೆಯವರೆಗೆ ಕಾಯುವುದು ಅದೊಂದಕ್ಕೇ. ಗೆದ್ದ ಮೇಲೆ ಸಮಿತಿಯವರು ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಪತ್ರಿಕೆಯಲ್ಲಿ ಫೋಟೋ ಬಂತು. ಫೋಟೋವನ್ನು ಹೆಂಡತಿ ಕತ್ತರಿಸಿ ಎಲ್ಲೋ ಇಟ್ಟಿದ್ದಾಳೆ. ಎಲ್ಲಿ ಎಂದು ನಾನು ಕೇಳಿಲ್ಲ.

ನನ್ನ ಕಚೇರಿ ಉಡುಪಿಯಲ್ಲಿ, ಕೋರ್ಟಿನಿಂದ ನಡೆದು ಹೋಗುವಷ್ಟು ದೂರ. ಮನೆ ಮಾತ್ರ ಉಡುಪಿ, ಕಾಪು, ಕಾರ್ಕಳ ಈ ಮೂರರ ನಡುವೆ ಎಲ್ಲೋ ಒಂದು ಸಣ್ಣ ಪೇಟೆಯಲ್ಲಿ. ಪುರಸಭೆ ಇರುವ ಊರು, ಹೆಸರು ಬೇಡ. ಊರಿನ ಪಡು ಬದಿಗೆ ಒಂದು ಬಯಲು ಉಂಟು. ಮೊದಲು ಅಲ್ಲಿ ಎರಡು ಬೆಳೆ ಭತ್ತ ಆಗುತ್ತಿತ್ತಂತೆ. ಈಗ ಅರ್ಧ ಬೇಸಾಯವಿಲ್ಲದೆ ಹಡಿಲು ಬಿದ್ದಿದೆ. ಆದರೂ ಮಳೆಗಾಲದಲ್ಲಿ ಇಡೀ ಪೇಟೆಯ ನೀರು ಇಳಿದು ಬಂದು ನಿಲ್ಲುವುದು ಅಲ್ಲಿಯೇ. ಅಲ್ಲಿಂದ ಒಂದು ತೋಡು ಕಾಪುವಿನ ಕಡೆಗೆ ಹರಿದು ಸಮುದ್ರದ ದಾರಿ ಹಿಡಿಯುತ್ತದೆ. ಬಯಲು ತುಂಬಿಸಿದರೆ ಆ ನೀರು ಮನೆಗಳಿಗೆ ನುಗ್ಗುತ್ತದೆ ಎಂದು ತಿಳಿಯಲು ದೊಡ್ಡ ಪಂಡಿತನೇ ಆಗಬೇಕೆಂದಿಲ್ಲ.

ಆ ಬಯಲಿನ ಅಂಚಿನ ಸರಕಾರಿ ಜಾಗದಲ್ಲಿ ಪೌರಕಾರ್ಮಿಕರಿಗೆ ಮನೆ ಕಟ್ಟುವುದೆಂದು ಪುರಸಭೆ ನಿರ್ಣಯ ಮಾಡಿತು. ಮೂರು ಮಾಳಿಗೆಯ ಎರಡು ಕಟ್ಟಡ. ನಮ್ಮ ಊರಿನ ಕಸ ಗುಡಿಸುವವರು, ಚರಂಡಿ ಬಿಡಿಸುವವರು ಹೆಚ್ಚಿನವರು ಉತ್ತರ ಕರ್ನಾಟಕದಿಂದ ಬಂದವರು. ಹಳೇ ಮಾರ್ಕೆಟಿನ ಹಿಂದೆ ತಗಡಿನ ಶೆಡ್ಡುಗಳಲ್ಲಿ ಇದ್ದರು. ಅವರಿಗೆ ಮನೆ ಕೊಡಬಾರದೆಂದು ಯಾರೂ ಬಾಯಿಬಿಟ್ಟು ಹೇಳುವ ಹಾಗಿಲ್ಲ.

ಹೇಳದೆಯೂ ಇರಲಿಲ್ಲ. ನನ್ನ ಬಳಿ ಬಂದವರು ಬಯಲು ಸಂರಕ್ಷಣಾ ಸಮಿತಿಯ ಅಧ್ಯಕ್ಷರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಊರಿನಲ್ಲಿ ಅವರಿಗೆ ಇಂದಿಗೂ ಮ್ಯಾನೇಜರರೆಂದೇ ಹೆಸರು. ಮಾತು ಮೆತ್ತಗೆ, ಕಡತ ಅಚ್ಚುಕಟ್ಟು. ಬಯಲಿನ ಹಕ್ಕಿಗಳ ಫೋಟೋ, ತೋಡಿನ ಫೋಟೋ, ಪುರಸಭೆಯ ನಿರ್ಣಯದ ಪ್ರತಿ, ಎಲ್ಲಕ್ಕೂ ಅನುಕ್ರಮ ಸಂಖ್ಯೆ ಹಾಕಿ ತಂದಿದ್ದರು. ಕಾಫಿ ಕುಡಿದು ಮುಗಿಸಿದ ಮೇಲೆ ಧ್ವನಿ ತಗ್ಗಿಸಿ ಹೇಳಿದರು:

"ನೋಡಿ ವಕೀಲರೇ, ಘಟ್ಟದವರು ಬಂದು ಕೂತರೆ ಮತ್ತೆ ಆ ಬದಿಯ ಜಾಗಕ್ಕೆ ಬೆಲೆ ಉಂಟಾ? ಸಂಜೆ ಹೆಣ್ಣುಮಕ್ಕಳು ನಡೆದು ಬರುವ ದಾರಿ ಅದು. ಇದನ್ನೆಲ್ಲ ಅರ್ಜಿಯಲ್ಲಿ ಬರೆಯುವುದು ಬೇಡ ಅಲ್ವಾ?"

"ಬೇಡ," ಎಂದೆ. "ಅರ್ಜಿಗೆ ಬಯಲು ಸಾಕು."

ಆ ಹೊತ್ತಿಗೇ ಎದ್ದು ಹೋಗಿ ಮಾರಾಯರೇ ಎನ್ನಬಹುದಿತ್ತು. ಎನ್ನಲಿಲ್ಲ. ಯಾಕೆಂದರೆ ಬಯಲಿನ ವಿಷಯದಲ್ಲಿ ಅವರು ಹೇಳಿದ್ದು ಸತ್ಯವೇ ಆಗಿತ್ತು, ಮತ್ತು ನನಗೆ ಇಂಥ ಕೇಸುಗಳೆಂದರೆ ಹುಚ್ಚು. ಅದಕ್ಕೂ ಕೆಲವು ವರ್ಷ ಹಿಂದೆ ಒಂದು ಮದಗ, ಅಂದರೆ ಊರ ಕೆರೆ, ಮುಚ್ಚುವುದನ್ನು ತಡೆದಿದ್ದೆ. ಪರಿಸರದ ವಕೀಲರು ಎಂದು ಜನ ಕರೆಯತೊಡಗಿದ್ದರು. ಕರೆದಾಗ ಬೇಡ ಎನ್ನಲು ನನಗೇನು ಬುದ್ಧಿ ಕೆಟ್ಟಿದೆಯೇ?

ಕಾನೂನಿನಲ್ಲಿ ಪುರಸಭೆಯವರು ತಪ್ಪಿದ್ದು ಎರಡು ಕಡೆ. ಮಹಾಯೋಜನೆಯ ನಕ್ಷೆಯಲ್ಲಿ ಆ ಜಾಗ ಕೃಷಿ ವಲಯ. ಅದನ್ನು ವಸತಿಗೆ ಬದಲಾಯಿಸಬೇಕಾದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪ ಕೇಳಬೇಕು. ಕೇಳಿರಲಿಲ್ಲ. ಎರಡನೆಯದು ತೋಡು. ತೋಡಿನ ಅಂಚಿಗೆ ಬಿಡಬೇಕಾದ ಜಾಗ ಬಿಟ್ಟಿರಲಿಲ್ಲ. ಸರಕಾರದ್ದೇ ಜಾಗ, ಸರಕಾರದ್ದೇ ಕೆಲಸ, ಯಾರು ಕೇಳುತ್ತಾರೆ ಎಂದು ಅವರ ಧೈರ್ಯ.

ಮೊದಲು ಮಣಿಪಾಲಕ್ಕೆ ಹೋದೆ. ಜಿಲ್ಲಾಧಿಕಾರಿಗಳ ಕಚೇರಿ ಇರುವುದು ಅಲ್ಲಿ. ಪುರಸಭೆಯ ನಿರ್ಣಯ ಕಾನೂನಿಗೆ ವಿರುದ್ಧವಾದರೆ ಅಮಾನತಿನಲ್ಲಿಡುವ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಉಂಟು. ಅರ್ಜಿ ಕೊಟ್ಟು ಬಂದೆ. ತೋಡು ತೋರಿಸುವ ಸರ್ವೆ ನಕ್ಷೆ ಇಲ್ಲ ಎಂದು ಅದು ಹಿಂದೆ ಬಂತು. ಭೂದಾಖಲೆ ಕಚೇರಿಯಲ್ಲಿ ನಕ್ಷೆಗೆ ಅರ್ಜಿ ಹಾಕಿದೆ. ಕೊಟ್ಟ ನಕ್ಷೆಯಲ್ಲಿ ತೋಡು ಅರ್ಧಕ್ಕೇ ನಿಂತಿತ್ತು. ಹಾಳೆ ಅಲ್ಲಿಗೆ ಮುಗಿದಿತ್ತು. ಪಕ್ಕದ ಹಾಳೆಗೆ ಬೇರೆ ಅರ್ಜಿ. ಎರಡನ್ನೂ ಅಂಟಿಸಿ ಮತ್ತೆ ಮಣಿಪಾಲದ ಗುಡ್ಡೆ ಹತ್ತುವಾಗ ಜಿಲ್ಲಾಧಿಕಾರಿಗಳಿಗೆ ವರ್ಗವಾಗಿತ್ತು. ಹೊಸಬರು ಬಂದು ಕಡತ ನೋಡುವುದರೊಳಗೆ ಗುತ್ತಿಗೆದಾರ ಮಣ್ಣು ಸುರಿಯಲು ಶುರು ಮಾಡಿದ್ದ. ಮಳೆ ಹಿಡಿದಿತ್ತು. ನಾನೂ ಮ್ಯಾನೇಜರರೂ ಕೊಡೆ ಹಿಡಿದುಕೊಂಡು ಮೊಣಕಾಲು ನೀರಿನಲ್ಲಿ ನಿಂತು ಆ ಕೆಂಪು ಮಣ್ಣಿನ ರಾಶಿಯ ಸುತ್ತ ನೀರು ಏರುವುದನ್ನು ಫೋಟೋ ತೆಗೆದೆವು. ಒಂದು ಚಪ್ಪಲಿ ಬಯಲಿಗೆ ಕಾಣಿಕೆಯಾಯಿತು.

ಆ ಫೋಟೋಗಳನ್ನಿಟ್ಟು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದೆ. ಈಗ ಬೆಂಗಳೂರಿಗೆ ಹೋಗಬೇಕೆಂದಿಲ್ಲ. ಉಡುಪಿಯ ಕಚೇರಿಯಲ್ಲಿ ಕೋಟು ಹಾಕಿ, ಕೆಳಗೆ ಪಂಚೆ ಉಟ್ಟಿದ್ದರೂ, ಕಂಪ್ಯೂಟರ್ ಪರದೆಯ ಮುಂದೆ ವಾದ ಮಾಡಬಹುದು. ಪುರಸಭೆಯ ವಕೀಲರು ಸುಮ್ಮನೆ ಕೂರುವವರಲ್ಲ. ಅರ್ಜಿದಾರರ ಮನೆಯೇ ಅದೇ ಬಯಲಿಗೆ ಮಣ್ಣು ಹಾಕಿ ಕಟ್ಟಿದ್ದು ಎಂದುಬಿಟ್ಟರು.

ಅದೂ ಸತ್ಯ. ಮ್ಯಾನೇಜರರ ಮನೆಯ ಅಂಗಳದಲ್ಲಿ ನಿಂತರೆ ಒಂದಾಳು ಕೆಳಗೆ ಗದ್ದೆ ಕಾಣುತ್ತದೆ. ನಾನು ಒಂದು ಕ್ಷಣವೂ ತಡಮಾಡಲಿಲ್ಲ. ಆ ಮಾತು ಅವರ ಆಕ್ಷೇಪಣಾ ಪತ್ರದಲ್ಲಿ ಇಲ್ಲ, ದಾಖಲೆ ಇಲ್ಲ, ಬಾಯಿಮಾತಿಗೆ ಉತ್ತರ ಕೊಡುವ ಅಗತ್ಯವಿಲ್ಲ ಎಂದೆ. ನ್ಯಾಯಮೂರ್ತಿಗಳು ಒಪ್ಪಿದರು. ಮುಂದಿನ ಆದೇಶದವರೆಗೆ ಯಥಾಸ್ಥಿತಿ, ಕೆಲಸ ನಿಲ್ಲಿಸಿ ಎಂದರು. ಪರದೆ ಆರಿದ ಮೇಲೆ ಮ್ಯಾನೇಜರರು ನನ್ನ ಕೈ ಹಿಡಿದು ಒಳ್ಳೆ ಬಾಯಿ ಮುಚ್ಚಿಸಿದಿರಿ ಎಂದರು. ನನಗೂ ಭಾರೀ ಖುಷಿಯಾಯಿತು. ನಾಚಿಕೆ ಇನ್ನೂ ಹೊಸ್ತಿಲ ಆಚೆ ಇತ್ತು.

ಅದು ಒಳಗೆ ಬಂದದ್ದು ಮರುವಾರ, ಕಸದ ಗಾಡಿಯ ಜೊತೆಗೆ.

ನಮ್ಮ ಓಣಿಗೆ ಬೆಳಿಗ್ಗೆ ಕಸ ತೆಗೆಯಲು ಬರುತ್ತಿದ್ದವಳು ಗದಗ ಕಡೆಯ ಹೆಂಗಸು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಒಬ್ಬಳು ಮಗಳು, ಆಗ ಒಂಬತ್ತನೇ ಕ್ಲಾಸು. ಹಸಿ ಕಸ ಒಣ ಕಸ ಬೆರೆಸಿ ಕೊಟ್ಟರೆ ನನ್ನ ಹೆಂಡತಿಗೇ ಪಾಠ ಹೇಳುವವಳು. ಇಬ್ಬರಿಗೂ ಮಾತು ಜೋರು, ಸ್ನೇಹವೂ ಜೋರು. ಆ ದಿನ ಗೇಟಿನ ಹತ್ತಿರ ನಿಂತು ನನ್ನನ್ನು ಕರೆದಳು.

"ಸಾಹೇಬ್ರ, ಒಂದ್ ಮಾತ್ ಕೇಳ್ಲೇನ್ರಿ?"

"ಎಂತ, ಹೇಳು ಮಾರಾಯ್ತಿ."

"ನಮ್ ಮನಿ ಕಟ್ಟಾಕತ್ತಿದ್ದು ನಿಂತೈತ್ರಿ. ಕೋರ್ಟಿನ್ಯಾಗ ಕೇಸ್ ಐತಂತ. ನೀವು ವಕೀಲ್ರು ಅದೀರಿ. ಅದು ಯಾವಾಗ ಬಿಡತೈತಿ, ಒಂದೀಟು ವಿಚಾರ ಮಾಡಿ ಹೇಳ್ರಿ. ಶೆಡ್ಡಿನ್ಯಾಗ ಮಳಿ ನೀರು ಒಳಗ ಬರಾಕತ್ತೈತಿ, ಹುಡುಗಿ ಪುಸ್ತಕ ಎಲ್ಲಾ ತೊಯ್ದು ಹೋಗ್ಯಾವು."

ಹತ್ತಾರು ನ್ಯಾಯಾಧೀಶರ ಎದುರು ತಡವರಿಸದವನು ನಮ್ಮ ಮನೆಯ ಗೇಟಿನ ಎದುರು ತಡವರಿಸಿದೆ. ಕೇಸು ನಾನೇ ಹಾಕಿದ್ದು ಎಂದು ಹೇಳಿಬಿಟ್ಟಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತೇನೋ. ಹೇಳಿದ್ದು ಬೇರೆ.

"ನೋಡುತ್ತೇನೆ. ಯಾರು ಹಾಕಿದ್ದು, ಎಂತ ಕತೆ ಎಂದು ವಿಚಾರಿಸಬೇಕು."

"ವಿಚಾರಿಸ್ರಿ," ಎಂದು ಗಾಡಿ ದೂಡಿಕೊಂಡು ಹೋದಳು. ಒಳಗೆ ಬಂದರೆ ಹೆಂಡತಿ ದೋಸೆ ಮಗುಚುತ್ತ, ಅಡ್ಡಗೋಡೆಯ ಮೇಲೆ ದೀಪ ಇಟ್ಟು ಬಂದಿರಾ ಎಂದು ಕೇಳಿದಳು. ಅವಳಿಗೆ ಕೇಸಿನ ವಿಷಯ ಗೊತ್ತಿತ್ತು.

ಕಚೇರಿಗೆ ಹೋಗಿ ನನ್ನದೇ ಅರ್ಜಿಯನ್ನು ತೆಗೆದು ಓದಿದೆ. ಪುಟಗಟ್ಟಲೆ ಬರೆದಿದ್ದೆ. ಕೊಕ್ಕರೆ ಬಂದಿತ್ತು, ನೀರುಕಾಗೆ ಬಂದಿತ್ತು, ತೋಡಿನ ಮೀನೂ ಬಂದಿತ್ತು. ಆ ಮನೆಗಳಿಗೆ ಕಾಯುತ್ತಿದ್ದ ಜನ ಬಂದದ್ದು ಒಂದೇ ಕಡೆ, 'ಉದ್ದೇಶಿತ ಫಲಾನುಭವಿಗಳು' ಎಂದು. ಅವರನ್ನು ಪ್ರತಿವಾದಿಗಳಾಗಿ ಸೇರಿಸಬಹುದಿತ್ತು. ಪಟ್ಟಿ ಇನ್ನೂ ಅಂತಿಮವಾಗಿಲ್ಲ ಎಂಬ ನೆವ ಹಿಡಿದು ಬೇಕೆಂದೇ ಬಿಟ್ಟಿದ್ದೆ. ಸೇರಿಸಿದರೆ ಅವರಿಗೂ ಒಬ್ಬ ವಕೀಲ ಬರುತ್ತಾನೆ, ಒದ್ದೆ ಪುಸ್ತಕದ ಫೋಟೋ ತರುತ್ತಾನೆ, ಯಥಾಸ್ಥಿತಿ ಸಿಗುವುದು ಕಷ್ಟ. ಇದು ನಮ್ಮ ವೃತ್ತಿಯಲ್ಲಿ ಜಾಣತನದ ಲೆಕ್ಕಕ್ಕೆ ಹೋಗುತ್ತದೆ.

ವಕಾಲತ್ತು ಬಿಟ್ಟುಬಿಡೋಣ ಎಂದು ಅನಿಸಿತು. ಬಿಟ್ಟರೆ ಮ್ಯಾನೇಜರರು ಸಂಜೆಯೊಳಗೆ ಇನ್ನೊಬ್ಬರನ್ನು ಹಿಡಿಯುತ್ತಿದ್ದರು. ಕೇಸು ವರ್ಷಗಟ್ಟಲೆ ಎಳೆಯುತ್ತದೆ, ಶೆಡ್ಡಿನವರು ಶೆಡ್ಡಿನಲ್ಲೇ ಇರುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಂಥ ಒಂದು ದಾರಿ ಹುಡುಕಿದೆ. ಬದಲಿ ಜಾಗ. ಪುರಸಭೆಯ ಮೂಡು ಗಡಿಯಲ್ಲಿ, ಕಾರ್ಕಳದ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಮುರಕಲ್ಲಿನ ಒಂದು ಪದವು ಉಂಟು. ಎತ್ತರದ ಬೋಳು ಜಾಗ, ಸರಕಾರದ್ದು. ಅಲ್ಲಿ ಕಟ್ಟಿದರೆ ಬಯಲೂ ಉಳಿಯಿತು, ಅವರಿಗೂ ಮನೆಯಾಯಿತು.

ಪುರಸಭೆಯ ಮುಖ್ಯಾಧಿಕಾರಿಗಳಿಗೆ ಫೋನ್ ಮಾಡಿದೆ. ಕೆಲಸ ನಿಂತು ಅನುದಾನ ವಾಪಸ್ ಹೋಗುತ್ತದೆಂಬ ಹೆದರಿಕೆಯಲ್ಲಿದ್ದ ಮನುಷ್ಯ, "ಸರ್, ನೀವು ದೇವರ ಹಾಗೆ ಬಂದಿರಿ" ಎಂದರು. ಮ್ಯಾನೇಜರರು ಸ್ವಲ್ಪ ಯೋಚಿಸಿ, "ಎಲ್ಲಿಯಾದರೂ ಇರಲಿ, ಇಲ್ಲಿ ಬೇಡ ಅಷ್ಟೇ" ಎಂದು ಒಪ್ಪಿದರು. ನನಗಾದ ಸಮಾಧಾನ ಹೇಳಿ ಪ್ರಯೋಜನವಿಲ್ಲ. ಮಾರನೇ ಬೆಳಿಗ್ಗೆ ಗೇಟಿನ ಹತ್ತಿರ ನಾನೇ ಕಾದು ನಿಂತು ಆ ಹೆಂಗಸಿಗೆ ಹೇಳಿದೆ, ಬೇರೆ ಜಾಗದಲ್ಲಿ ಮನೆ ಆಗುವ ಹಾಗೆ ಕಾಣುತ್ತದೆ ಎಂದು. ನನ್ನಿಂದ ಆಗುತ್ತಿದೆ ಎಂಬ ಹಾಗೆ ಹೇಳಿದೆ. ಅವಳು ಕೈ ಮುಗಿದಳು. ನಾನು ಆ ನಮಸ್ಕಾರವನ್ನು ತೆಗೆದುಕೊಂಡೆ.

ಜಾಗ ನೋಡಲು ಹೋದದ್ದು ಸೋಣ ತಿಂಗಳಲ್ಲಿ, ಚೌತಿಯ ಹೊತ್ತಿಗೆ. ಮಳೆ ಆಗಷ್ಟೇ ಹದಕ್ಕೆ ಬಂದಿತ್ತು. ಪದವಿನ ತುಂಬ ಹುಲ್ಲು, ಹುಲ್ಲಿನ ನಡುವೆ ಸಣ್ಣ ನೇರಳೆ ಹೂ. ಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯೊಂದು ಅಂಚಿನವರೆಗೆ ನೀರು ತುಂಬಿ ನಿಂತಿತ್ತು. ನಾನು, ಮ್ಯಾನೇಜರರು, ಮುಖ್ಯಾಧಿಕಾರಿ, ಜೊತೆಗೆ ಅವರ ಇಂಜಿನಿಯರ್. ನಾವು ಜಾಗ ನೋಡಿದ ರೀತಿಯನ್ನು ಹೇಳಲೇಬೇಕು. ಮೊದಲು ಗಡಿ ನೋಡಿದೆವು. ಆಮೇಲೆ ನಾಗನ ಕಲ್ಲು ಉಂಟಾ ಎಂದು ವಿಚಾರಿಸಿದೆವು. ಮ್ಯಾನೇಜರರು ಹತ್ತಿರದ ಮನೆಯ ಹಿರಿಯರೊಬ್ಬರನ್ನು ಕರೆಸಿ, ಹಿಂದೆ ಇಲ್ಲಿ ನಾಗಬನ ಏನಾದರೂ ಇತ್ತಾ, ದೈವ ನಡೆದಾಡುವ ದಾರಿ ಉಂಟಾ ಎಂದು ತಿರುಗಿಸಿ ತಿರುಗಿಸಿ ಕೇಳಿದರು. ಹಿರಿಯರು ಇಲ್ಲ ಎಂದ ಮೇಲೂ ಸಮಾಧಾನವಿಲ್ಲ. ಮುಖ್ಯಾಧಿಕಾರಿಗಳೇ ಒಂದು ಪ್ರಶ್ನೆ ಇಡಿಸುವ ಎಂದರು. ಜ್ಯೋತಿಷಿಗಳ ಮನೆಗೂ ಹೋಗಿಯಾಯಿತು. ದೋಷ ಇಲ್ಲ ಎಂದು ಬಂತು.

ನೀರು ಉಂಟಾ ಎಂದು ಒಬ್ಬರೂ ಕೇಳಲಿಲ್ಲ. ಇದು ನಮ್ಮಂಥ ಕರಾವಳಿಯವರು ಮಾತ್ರ ಮಾಡಬಹುದಾದ ತಪ್ಪು. ನಮ್ಮಲ್ಲಿ ಮನೆಗೊಂದು ಬಾವಿ. ಅಡಿಪಾಯಕ್ಕೆ ಮೊದಲು ಬಾವಿ ತೋಡುವವರು ನಾವು; ತೋಡಿದರೆ ನೀರು ಬಂದೇ ಬರುತ್ತದೆ. ನೀರನ್ನು ಕೇಳಿ ತಿಳಿಯಬೇಕೆಂದು ನಮಗೆ ಹೊಳೆಯುವುದೇ ಇಲ್ಲ. ಅದರ ಮೇಲೆ ಕಣ್ಣೆದುರು ತುಂಬಿದ ಕೋರೆ. ಕಸ ಗುಡಿಸುವವರಲ್ಲಿ ಒಬ್ಬರನ್ನಾದರೂ ಆ ದಿನ ಕರೆದುಕೊಂಡು ಹೋಗಿದ್ದರೆ ಮೊದಲ ಪ್ರಶ್ನೆಯೇ ಅದಾಗುತ್ತಿತ್ತು, ಅವರು ಬಂದದ್ದು ಕೊಡ ಹೊತ್ತು ಗೊತ್ತಿರುವ ಸೀಮೆಯಿಂದ. ಕರೆಯುವ ಯೋಚನೆಯೂ ನಮಗೆ ಬರಲಿಲ್ಲ. ನಾಗನನ್ನು ಕೇಳಿದೆವು, ಅಲ್ಲಿ ಇರಬೇಕಾದವರನ್ನು ಕೇಳಲಿಲ್ಲ.

ಜಂಟಿ ಮೆಮೋ ಬರೆದದ್ದು ನಾನು. ಎರಡೂ ಕಡೆಯವರು ಸಹಿ ಹಾಕಿ ಕೋರ್ಟಿಗೆ ಕೊಡುವ ರಾಜಿಯ ಕಾಗದ ಅದು. ಬಯಲಿನ ಕೆಲಸವನ್ನು ಪುರಸಭೆ ಕೈಬಿಡುವುದು, ಸುರಿದ ಮಣ್ಣು ತೆಗೆಯುವುದು, ಪದವಿನಲ್ಲಿ ಮನೆ ಕಟ್ಟುವುದು. ಕೊನೆಗೆ ಒಂದು ವಾಕ್ಯ ಸೇರಿಸಿದೆ: 'ಉಭಯ ಪಕ್ಷದವರು ಸ್ಥಳ ಪರಿಶೀಲಿಸಿದ್ದು, ಸದರಿ ಸ್ಥಳವು ನೀರು, ರಸ್ತೆ, ವಿದ್ಯುತ್ ಸೌಕರ್ಯ ಹೊಂದಿ ವಾಸಯೋಗ್ಯವಾಗಿರುತ್ತದೆ.' ಇಂಥ ವಾಕ್ಯಗಳು ನಮ್ಮ ಕೈಯಲ್ಲಿ ತಾವಾಗಿಯೇ ಹರಿಯುತ್ತವೆ. ನ್ಯಾಯಮೂರ್ತಿಗಳು ಓದಿ, ಪರಿಸರವೂ ಉಳಿದು ಬಡವರಿಗೂ ಮನೆಯಾಗುವುದು ಅಪರೂಪ, ಎರಡೂ ಕಡೆಯ ವಕೀಲರು ಅಭಿನಂದನಾರ್ಹರು ಎಂದರು. ಶಾಲು ಬಂದದ್ದು ಅದರ ಮರುವಾರ. ಸಮಾರಂಭದಲ್ಲಿ ನಾನು ಮಾತಾಡಿದೆ. ಪ್ರಕೃತಿ, ಮನುಷ್ಯ, ಸಮತೋಲ ಎಂದೆಲ್ಲ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮನೆಗಳು ಬೇಗನೆ ಎದ್ದವು. ಮರುವರ್ಷ ದೀಪಾವಳಿ ಕಳೆದ ಮೇಲೆ ಕೀಲಿ ಕೊಟ್ಟರು. ಆ ಹೆಂಗಸು ನಮ್ಮ ಮನೆಗೆ ಬಂದು ಹೆಂಡತಿಯ ಕೈಗೆ ಶೇಂಗಾ ಹೋಳಿಗೆ ಕೊಟ್ಟು ಹೋದಳು. ಸ್ವಲ್ಪ ದಿನದಲ್ಲಿ ಅವಳಿಗೆ ಬೇರೆ ವಾರ್ಡು ಹಾಕಿದರು, ನಮ್ಮ ಓಣಿಗೆ ಬೇರೆಯವರು ಬಂದರು. ನನ್ನ ಮಟ್ಟಿಗೆ ಕೇಸಿನ ಕಡತ ಕಟ್ಟಿಯಾಗಿತ್ತು.

ಶಿವರಾತ್ರಿ ಕಳೆದು ಒಂದು ದಿನ ಹೆಂಡತಿ ಮಾರ್ಕೆಟಿನಿಂದ ಬಂದವಳು ಚೀಲ ಕೆಳಗಿಡುವ ಮೊದಲೇ ಹೇಳಿದಳು.

"ನಿಮ್ಮ ಪದವಿನಲ್ಲಿ ನೀರಿಲ್ಲವಂತೆ. ಅವಳು ಸಿಕ್ಕಿದ್ದಳು. ಒಮ್ಮೆ ಹೋಗಿ ನೋಡಿ ಬನ್ನಿ."

'ನಿಮ್ಮ ಪದವು' ಎಂದೇ ಹೇಳಿದಳು. ತಪ್ಪೇನು ಹೇಳಿದ್ದಲ್ಲ.

ಮಾರನೇ ದಿನ ಹೋದೆ. ಒಂಬತ್ತು ಗಂಟೆಯ ಬಿಸಿಲಿಗೇ ಮುರಕಲ್ಲು ಕಾದಿತ್ತು. ಹುಲ್ಲು ಒಣಗಿ ಬೂದಿ ಬಣ್ಣ. ಕೋರೆಯ ತಳದಲ್ಲಿ ಬಿರಿದ ಕೆಸರು, ಅದರಲ್ಲಿ ಪ್ಲಾಸ್ಟಿಕ್ ಬಾಟಲಿಗಳು. ಪುರಸಭೆ ಕೊರೆಸಿದ ಬೋರ್‌ವೆಲ್ಲು ಎರಡು ತಿಂಗಳು ಕೆಂಪು ನೀರು ಕೊಟ್ಟು ನಿಂತಿತ್ತಂತೆ. ಪೈಪ್‌ಲೈನು ಇನ್ನೂ ಟೆಂಡರಿನಲ್ಲೇ ಇತ್ತು. ಕಟ್ಟಡದ ಎದುರು ಟ್ಯಾಂಕರು ನಿಂತಿತ್ತು, ಸುತ್ತ ಕೊಡ ಹಿಡಿದ ಮಕ್ಕಳು. ದೊಡ್ಡವರು ಯಾರೂ ಇಲ್ಲ. ಆ ಹೊತ್ತಿಗೆ ಅವರು ಪೇಟೆಯ ರಸ್ತೆ ಗುಡಿಸುತ್ತಿರುತ್ತಾರೆ. ಶಾಲೆಯ ಸಮವಸ್ತ್ರದಲ್ಲೇ ಒಬ್ಬ ಹುಡುಗಿ ಸಾಲಿನಲ್ಲಿ ನಿಂತಿದ್ದಳು. ಯಾರೆಂದು ಕೇಳಬೇಕಾಗಿರಲಿಲ್ಲ, ಮುಖ ತಾಯಿಯದೇ.

"ಶಾಲೆ ಇಲ್ವಾ?"

"ಐತ್ರಿ. ನೀರು ಹಿಡಿದು ಹೋಗ್ಬೇಕು. ಎರಡು ಪಿರೀಡ್ ಹೋಗ್ತಾವು." ಕೊಡ ಮುಂದೆ ಸರಿಸಿ, "ಎರಡೂ ಗಣಿತಾನ ಇರತಾವ್ರಿ," ಎಂದಳು. ಹತ್ತನೇ ಕ್ಲಾಸು. ಪರೀಕ್ಷೆಗೆ ಸ್ವಲ್ಪವೇ ದಿನ ಉಳಿದಿತ್ತು.

ಅವಳ ತಾಯಿ ಪಾಳಿ ಮುಗಿಸಿ ಬರುವವರೆಗೆ ಕಾದೆ. ಬಂದವಳು ಬಸವಳಿದಿದ್ದಳು, ಆದರೂ ಮೊದಲು ಒಂದು ಚೊಂಬು ನೀರು ತಂದು ಎದುರಿಗಿಟ್ಟಳು. ಬೇಡ ಎಂದರೆ ಅವಮಾನ, ಕುಡಿದರೆ ಪಾಪ. ಕುಡಿದೆ. ಅದಾದ ಮೇಲೆ ಸಹಿಸಲಾಗದೆ ಹೇಳಿದೆ:

"ಕೇಸು ಹಾಕಿದ್ದು ನಾನೇ. ಬಯಲಿನವರ ವಕೀಲ ನಾನೇ ಆಗಿದ್ದೆ. ಆ ದಿನ ಗೇಟಿನ ಹತ್ತಿರ ನಿನಗೆ ಸುಳ್ಳು ಹೇಳಿದೆ."

ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಗೊತ್ತಿತ್ರಿ."

"ಯಾವಾಗ?"

"ಆವತ್ತ ಗೊತ್ತಿತ್ತು. ಗೊತ್ತಿದ್ದಕ್ಕನ ನಿಮ್ಮನ್ನ ಕೇಳಿದ್ದು. ಬೀಗ ಹಾಕಿದವ್ರ ಕಡೆನ ಚಾವಿ ಇರತೈತಿ ಅಲ್ರಿ? ಬ್ಯಾರೆಯವ್ರನ್ನ ಕೇಳಿ ಏನ್ ಮಾಡ್ಲಿ?"

ಅವಳು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವಳಿಗೆ ಬೇರೆ ಕೆಲಸವಿತ್ತು. ಎಲ್ಲ ಮನೆಯವರು ಸೇರಿ ಕಾರ್ಕಳದ ಒಬ್ಬರು ವಕೀಲರ ಮೂಲಕ ನೀರಿಗಾಗಿ ಕೇಸು ಹಾಕುತ್ತಿದ್ದರು. ಪುರಸಭೆಯವರು ನೋಟೀಸಿಗೆ ಉತ್ತರ ಕೊಟ್ಟಾಗಿತ್ತು: ಜಾಗದಲ್ಲಿ ನೀರು ಉಂಟೆಂದು ಹೈಕೋರ್ಟಿನ ಮುಂದೆಯೇ ದಾಖಲಾಗಿದೆ. ಆ ದಿನ ಜಾಗ ನೋಡಿದವರಲ್ಲಿ ಒಬ್ಬರಾದರೂ ಸತ್ಯ ಹೇಳಬೇಕಿತ್ತು.

"ನೀವು ಹೇಳ್ತೀರೇನ್ರಿ?" ಎಂದಳು.

ಕಕ್ಷಿದಾರ ಮುಚ್ಚಿದ ಬಾಗಿಲೊಳಗೆ ಹೇಳಿದ್ದನ್ನು ವಕೀಲ ಹೊರಗೆ ಹೇಳಬಾರದು. ಮ್ಯಾನೇಜರರು ಕಾಫಿ ಕುಡಿದು ಹೇಳಿದ್ದನ್ನು ನಾನು ಯಾವ ಕೋರ್ಟಿನಲ್ಲೂ ಹೇಳಿಲ್ಲ. ಇಲ್ಲಿ ಹೆಸರಿಲ್ಲದೆ ಬರೆದಿದ್ದೇನೆ, ಅದೂ ಸರಿಯೋ ತಪ್ಪೋ ತಿಳಿಯದು. ಆದರೆ ಕಣ್ಣಾರೆ ಕಂಡದ್ದು ನನ್ನದು. ಪ್ರಮಾಣಪತ್ರ ಬರೆದೆ. ಜಾಗ ನೋಡಿದ್ದು ಮಳೆಗಾಲದಲ್ಲಿ, ತುಂಬಿದ ಕೋರೆಯನ್ನು ನೋಡಿ ನೀರು ಉಂಟೆಂದು ಬರೆದೆ, ಬಾವಿಯಾಗಲಿ ನಳ್ಳಿಯಾಗಲಿ ಇರಲಿಲ್ಲ, ಬೇಸಿಗೆಯ ವಿಚಾರ ಯಾರನ್ನೂ ಕೇಳಲಿಲ್ಲ. ಸಾವಿರಾರು ಪ್ರಮಾಣಪತ್ರಗಳನ್ನು ಇನ್ನೊಬ್ಬರಿಗಾಗಿ ಬರೆದವನಿಗೆ ಈ ಒಂದು ಪುಟ ಬರೆಯಲು ಇಡೀ ದಿನ ಬೇಕಾಯಿತು. ಉಡುಪಿಯ ನೋಟರಿ ನನ್ನ ಹಳೆಯ ಗೆಳೆಯ. ಓದಿ ಕನ್ನಡಕ ತೆಗೆದ.

"ಎಂತ ಮಾರಾಯ, ತಲೆ ಸರಿ ಉಂಟಾ? ಇನ್ನು ರಾಜಿಗೆ ನಿನ್ನ ಹತ್ತಿರ ಯಾರು ಬರ್ತಾರೆ?"

"ಬರುವುದು ಬೇಡ. ಸೀಲು ಹಾಕು."

ಸುದ್ದಿ ಹರಡಲು ಎರಡು ದಿನ ಹಿಡಿಯಲಿಲ್ಲ. ಮ್ಯಾನೇಜರರು ಪೇಟೆಯಲ್ಲಿ ಎದುರಾದರು, ನಾನು ನಗಲು ಹೋದೆ, ಅವರು ಔಷಧಿ ಅಂಗಡಿಯ ಬೋರ್ಡು ಓದಿದರು.

ಕೇಸು ಮೊದಲ ಸಲ ಕೂಗಿದ ದಿನ ಕಾರ್ಕಳದ ಆ ವಕೀಲರ ಕಚೇರಿಯಲ್ಲಿ ಪರದೆಯ ಮುಂದೆ ಕೂತೆವು. ವಕೀಲರು ನಡುವೆ, ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಅವಳು. ರಜೆ ಹಾಕಿ ಬಂದಿದ್ದಳು, ಇಸ್ತ್ರಿ ಮಾಡಿದ ಸೀರೆ. ನಮ್ಮ ಸರದಿ ಬರುವಾಗ ಮಧ್ಯಾಹ್ನವಾಗಿತ್ತು. ಪುರಸಭೆಯ ಪರವಾಗಿ ಸಮಯ ಕೇಳಿದರು. ನಮ್ಮವರು ತುರ್ತು ಎಂದರು, ನನ್ನ ಪ್ರಮಾಣಪತ್ರ ಉಂಟೆಂದರು. ನ್ಯಾಯಮೂರ್ತಿಗಳು ಪುಟ ತಿರುವಿದರು. ಟ್ಯಾಂಕರು ಬರುತ್ತಿದೆಯಲ್ಲ, ಆಕ್ಷೇಪಣೆ ಸಲ್ಲಿಸಲಿ, ನಾಲ್ಕು ವಾರ ಎಂದರು. ಮುಂದಿನ ಕೇಸು ಕೂಗಿಯಾಯಿತು.

ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತೆವು.

"ಗೆದ್ವೇನ್ರಿ?"

"ಇಲ್ಲ. ಸೋತದ್ದೂ ಅಲ್ಲ. ಮುಂದೆ ಹೋಯಿತು, ನಾಲ್ಕು ವಾರ."

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು.

"ಅಷ್ಟೊತ್ತಿಗೆ ಹುಡುಗಿ ಪರೀಕ್ಷಿ ಮುಗಿತೈತಲ್ರಿ. ನಮಗೇನ್ ಪೈಪ್ ಈಗ ಬ್ಯಾಡ್ರಿ ಸಾಹೇಬ್ರ. ಆ ಟ್ಯಾಂಕರ್ ಒಂದು ಸಂಜಿಮುಂದ ಕಳಸಾಕ ಹೇಳ್ರಿ. ಸಂಜಿಗೆ ನಾನ ಇರ್ತೀನಿ. ಇದೊಂದು ತಿಂಗಳು ಅಷ್ಟ."

ಇಷ್ಟೇ ಸಣ್ಣ ಮಾತು. ಇದಕ್ಕೆ ರಿಟ್ ಬೇಡ, ಪ್ರಮಾಣಪತ್ರ ಬೇಡ. ಅಲ್ಲೇ ನಿಂತು ಮುಖ್ಯಾಧಿಕಾರಿಗಳಿಗೆ ಫೋನ್ ಮಾಡಿದೆ. ಹುಡುಗಿಯ ಪರೀಕ್ಷೆ, ಟ್ಯಾಂಕರಿನ ಹೊತ್ತು, ಎಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಧ್ವನಿಯಲ್ಲಿ ಸಂಕಟವೇ ಇತ್ತು.

"ಹೊತ್ತು ಬದಲಾಯಿಸಿದರೆ ಹೊಸ ಆದೇಶ ಬರೆಯಬೇಕು ಸರ್. ಬರೆದರೆ ಅಲ್ಲಿಗೆ ಟ್ಯಾಂಕರೇ ಯಾಕೆ ಎಂದು ಮೇಲಿನಿಂದ ಕೇಳ್ತಾರೆ. ನಾನು ಎಂತ ಹೇಳಲಿ? ಅಲ್ಲಿ ನೀರು ಉಂಟು ಎಂದು ನೀವೇ ಬರೆದಿದ್ದೀರಲ್ಲ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಕಡೆಯ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ.

"ಹೌದು, ನಾನೇ ಬರೆದದ್ದು," ಎಂದೆ. "ಟ್ಯಾಂಕರು ಸಂಜೆ ಕಳಿಸಿ."

ಆ ಕಡೆ ಹಾಳೆ ಮಗುಚುವ ಸದ್ದು. ಫೋನ್ ಇಡಲಿಲ್ಲ ನಾನು. ಇನ್ನೊಮ್ಮೆ ಕೇಳಿದೆ.